ಮೊದಲು ನಿಮ್ಮ ಕೈಗೆ, ಆಮೇಲೆ ನಾಯಿಯ ಕೊರಳಿಗೆ

ಕಂಪ್ಲಿಯಿಂದ ಮೆಟ್ರಿ ಕಡೆ ಹೋಗುವ ರಸ್ತೆಯ ಅಂಚಿನಲ್ಲಿ ಒಬ್ಬ ಹೆಂಗಸು ಸುಮ್ಮನೆ ನಿಂತಿದ್ದಾರೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗದ್ದೆಗೆ ನೀರು ಕಟ್ಟಲು ಹೊರಟವರು, ಹಾಲಿನ ಕ್ಯಾನು ತೂಗಿಹಾಕಿಕೊಂಡ ಬೈಕಿನವರು ಅವರನ್ನು ದಾಟಿ ಹೋಗುತ್ತಾರೆ, ದಾಟಿದ ಮೇಲೂ ತಿರುಗಿ ನೋಡುತ್ತಾರೆ. ಹೆಂಗಸಿನ ಕೈಯಲ್ಲಿರುವ ಹಗ್ಗದ ಆ ತುದಿಗೆ ಒಂದು ರಾಟ್‌ವೀಲರ್ ನಾಯಿ ಇದೆ. ಕರಿ ಮೈ, ಕಂದು ಕೆನ್ನೆ, ಎಮ್ಮೆಗರುವಿನಂಥ ಎದೆ. ಅದು ಮೈಭಾರವನ್ನೆಲ್ಲ ಹಾಕಿ ಮುಂದಕ್ಕೆ ಜಗ್ಗುತ್ತಿದೆ. ಈಕೆ ತಿರುಗಿ ಜಗ್ಗುವುದಿಲ್ಲ, ಬೈಯುವುದಿಲ್ಲ, ಹೊಡೆಯುವುದಿಲ್ಲ. ಹಗ್ಗ ಹಿಡಿದ ಎರಡೂ ಕೈಗಳನ್ನು ಹೊಟ್ಟೆಗೆ ಒತ್ತಿಕೊಂಡು, ಕಾಲು ತುಸು ಅಗಲಿಸಿ ನಿಂತಿದ್ದಾರೆ, ಅಷ್ಟೇ.

ಒಂದಷ್ಟು ಹೊತ್ತಿಗೆ ನಾಯಿಗೇ ಬೇಸರವಾಗುತ್ತದೆ. ಏನು ಸಮಾಚಾರ ಎಂದು ಹಿಂದಿರುಗಿ ನೋಡುತ್ತದೆ. ಹಗ್ಗ ಸಡಿಲವಾಗುತ್ತದೆ. ಆ ಕ್ಷಣಕ್ಕೇ ಕಾಯುತ್ತಿದ್ದ ಹೆಂಗಸು ಮೆಲ್ಲಗೆ "ಬಾಜೂಕ" ಎನ್ನುತ್ತಾರೆ. ಅದು ಪಕ್ಕಕ್ಕೆ ಬಂದು ನಿಂತರೆ ಸೊಂಟದ ಚೀಲದಿಂದ ಬೇಯಿಸಿದ ಲಿವರಿನ ಚೂರೊಂದು ಬಾಯಿಗೆ ಬೀಳುತ್ತದೆ. ಇಬ್ಬರೂ ನಾಲ್ಕು ಹೆಜ್ಜೆ ನಡೆಯುತ್ತಾರೆ. ಮತ್ತೆ ಜಗ್ಗಾಟ, ಮತ್ತೆ ನಿಲುಗಡೆ. ಬೈಕಿನವನೊಬ್ಬ ವೇಗ ತಗ್ಗಿಸಿ, ನಾಯಿ ನಿನ್ನ ಕಾಯಾಕತ್ತೈತೋ ನೀ ನಾಯಿನ ಕಾಯಾಕತ್ತಿಯೋ ಎಂದು ಕೇಳಿ ತನ್ನ ಮಾತಿಗೆ ತಾನೇ ನಗುತ್ತಾ ಹೋಗುತ್ತಾನೆ.

ಇವರು ವಿರುಪಮ್ಮ. ಬಲಿಷ್ಠ ನಾಯಿಗಳಿಗೆ ಮನುಷ್ಯರ ಪಕ್ಕದಲ್ಲಿ ಸಮಾಧಾನವಾಗಿ ನಡೆಯುವುದನ್ನು ಕಲಿಸುವುದು ಇವರ ಕಸುಬು. "ನನ್ ಕೆಲಸ ಅಂದ್ರ ನಿಲ್ಲಾದು ನೋಡ್ರಿ" ಎನ್ನುತ್ತಾರೆ. "ಅದು ಜಗ್ಗಿದ್ರ ನಾ ನಿಂತೆ. ಬಾಜೂಕ ಬಂದ್ರ ನಡದೆ. ಜಗ್ಗಿದ್ರ ಎಲ್ಲಿಗೂ ಹೋಗಾಕಾಗಂಗಿಲ್ಲ ಅನ್ನಾದು ಅದಕ್ಕ ತಿಳಿಬೇಕು. ಇಷ್ಟ ಇರಾದು."

ನಾಯಿಯ ಹೆಸರು ಮೇಜರ್. ಕಂಪ್ಲಿಯ ಒಂದು ಅಕ್ಕಿ ಗಿರಣಿಯದು. ಗಿರಣಿ ಯಜಮಾನರ ತಾಯಿಯ ಮುರಿದ ಕೈಗೆ ಪ್ಲಾಸ್ಟರ್ ಹಾಕಲಾಗಿದೆ. ಅದನ್ನು ತೆಗೆಯುವ ದಿನ ಮೇಜರ್ ಆ ಅಜ್ಜಿಯ ಪಕ್ಕದಲ್ಲಿ ಹಗ್ಗ ಜಗ್ಗದೆ ನಡೆದು ತೋರಿಸಬೇಕು. ತಪ್ಪಿದರೆ ಸಂಡೂರಿನ ಒಂದು ಅದಿರು ಯಾರ್ಡಿಗೆ ಕಾವಲಿಗೆ ಹೋಗಿ, ಉಳಿದ ಆಯುಸ್ಸನ್ನೆಲ್ಲ ಚೈನಿನ ತುದಿಯಲ್ಲಿ ಕಳೆಯಬೇಕು. ಗಾಡಿ ಗೊತ್ತುಮಾಡಿಯಾಗಿದೆ.

ಮುಂದೆ ಬರೆಯುವ ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಬಂದಿದೆ. ನಮ್ಮ ಕಡೆ ಹೊಸದೊಂದು ಶೋಕಿ ಶುರುವಾಗಿದೆ. ಮನೆ ಕಟ್ಟಿಸಿದ ಮೇಲೆ ದೊಡ್ಡ ಗೇಟು, ಗೇಟಿನ ಮೇಲೆ ನಾಯಿಯ ಚಿತ್ರದ ಬೋರ್ಡು, ಬೋರ್ಡಿಗೆ ತಕ್ಕ ಹಾಗೆ ಒಂದು ನಾಯಿ. ಹೊಸಪೇಟೆಯ ಹೊಸ ಬಡಾವಣೆಗಳಲ್ಲಿ ಒಂದು ಸುತ್ತು ಬನ್ನಿ. ಹಿಮದ ದೇಶದ ನಾಯಿಗಳು ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಟೈಲ್ಸ್ ಮೇಲೆ ನಾಲಗೆ ಚಾಚಿ ಬಿದ್ದಿರುತ್ತವೆ. ಹೊರಗೆ ಕರೆದುಕೊಂಡು ಹೋಗಲು ಮನೆಯವರಿಗೆ ಪುರುಸೊತ್ತಿಲ್ಲ, ಫೋಟೊ ತೆಗೆಸಿಕೊಳ್ಳಲು ಬೇಕಾದಷ್ಟಿದೆ. ನಾಯಿಗೆ ಒಂದೂವರೆ ವರ್ಷವಾಗಿ, ಮೈಗೆ ಶಕ್ತಿ ಬಂದು, ಯಾರನ್ನಾದರೂ ನೆಲಕ್ಕೆ ಕೆಡವಿದ ಮೇಲೆ ಈ ಮಹನೀಯರಿಗೆ ವಿರುಪಮ್ಮನ ನೆನಪಾಗುತ್ತದೆ.

ವಿರುಪಮ್ಮ ಚೋರನೂರಿನವರು. ಗಣಿಗಾರಿಕೆಯ ಅಬ್ಬರದ ಕಾಲದಲ್ಲಿ ಸಂಡೂರಿನ ಹತ್ತಿರದ ಒಂದು ಅದಿರು ಯಾರ್ಡಿಗೆ ಅಡುಗೆ ಕೆಲಸಕ್ಕೆ ಸೇರಿದರು. ಅಡುಗೆ ಜನರಿಗಲ್ಲ, ಕಾವಲು ನಾಯಿಗಳಿಗೆ. ದೊಡ್ಡ ಪಾತ್ರೆಯಲ್ಲಿ ಅನ್ನ, ಮಾಂಸ ಬೇಯಿಸಿ ಹಾಕುವುದು, ಗೂಡು ತೊಳೆಯುವುದು. ಅಲ್ಲಿಗೆ ನಾಯಿ ಪಳಗಿಸಲು ಬರುತ್ತಿದ್ದವರು ಹೊನ್ನೂರುಸ್ವಾಮಿ. ಪೊಲೀಸ್ ಶ್ವಾನದಳದಿಂದ ನಿವೃತ್ತರಾಗಿದ್ದರು. ನಾಯಿಗಳು ತನಗಿಂತ ಅನ್ನ ಹಾಕುವ ಹೆಂಗಸಿನ ಮಾತನ್ನೇ ಹೆಚ್ಚು ಕೇಳುವುದನ್ನು ಕಂಡು, ಹಗ್ಗವನ್ನೂ ಆಕೆಯ ಕೈಗೇ ಕೊಟ್ಟರು. ಕಲಿಯಲು ವರ್ಷಗಳೇ ಹಿಡಿದವು. ಮೊದಮೊದಲು ಎಲ್ಲರಂತೆ ವಿರುಪಮ್ಮನೂ ಜಗ್ಗುತ್ತಿದ್ದರು, ಬೈಯುತ್ತಿದ್ದರು. ಬಲ ಮೊಣಕೈ ಹತ್ತಿರದ ಹಳೆಯ ಗಾಯದ ಗುರುತು ಆ ದಿನಗಳದು.

ಹೊನ್ನೂರುಸ್ವಾಮಿ ಎರಡು ಕಟ್ಟಳೆ ಹಾಕಿಕೊಟ್ಟಿದ್ದರು. ಸಿಟ್ಟು ಬಂದಾಗ ಹಗ್ಗ ಮುಟ್ಟಬಾರದು, ಪಕ್ಕಕ್ಕೆ ಹೋಗಿ ಕುಳಿತುಬಿಡಬೇಕು. ಇನ್ನೊಂದು, ಯಾವ ಬೆಲ್ಟೇ ಇರಲಿ, ನಾಯಿಯ ಕೊರಳಿಗೆ ಹೋಗುವ ಮೊದಲು ಅದರ ಯಜಮಾನನ ತೋಳಿಗೆ ಕಟ್ಟಿ ಒಮ್ಮೆ ಜಗ್ಗಬೇಕು. ಮೊದಲ ಕಟ್ಟಳೆ ಪಾಲಿಸುವುದು ವಿರುಪಮ್ಮನಿಗೆ ಬಹಳ ಕಷ್ಟ, ಯಾಕೆಂದರೆ ಇವರ ಸಿಟ್ಟು ಮೂಗಿನ ತುದಿಯಲ್ಲಿದೆ. ನಾನು ಜೊತೆಗಿದ್ದ ದಿನಗಳಲ್ಲೇ ಹಗ್ಗವನ್ನು ಕಂಬಕ್ಕೆ ಸುತ್ತಿ ದೂರ ಹೋಗಿ ಕುಳಿತದ್ದನ್ನು ನೋಡಿದ್ದೇನೆ. ಸಿಟ್ಟು ನಾಯಿಯ ಮೇಲಾಗಿರಲಿಲ್ಲ. ಗೇಟಿನಲ್ಲಿ ನಿಂತು ಹುಸ್ ಹುಸ್ ಎಂದು ಅದನ್ನು ಛೂ ಬಿಡುತ್ತಿದ್ದ ಹುಡುಗರ ಮೇಲಾಗಿತ್ತು. ಎರಡನೇ ಕಟ್ಟಳೆಯನ್ನು ಮಾತ್ರ ಇವರು ಒಮ್ಮೆಯೂ ಮುರಿದಿಲ್ಲ.

ಆಮೇಲೆ ಕೆಲವು ವರ್ಷ ಅದಿರು ಸಾಗಣೆ ನಿಂತಿತು. ಲಾರಿಗಳು ನಿಂತವು, ಯಾರ್ಡುಗಳಿಗೆ ಬೀಗ ಬಿದ್ದವು. ವಿರುಪಮ್ಮನನ್ನೂ ಬಿಡಿಸಿದರು. ನಾಯಿಗಳನ್ನು ಯಜಮಾನರು ಬೇರೆ ಊರಿಗೆ ಸಾಗಿಸುತ್ತಾರೆ ಎಂದು ಹೇಳಿ ಕಳಿಸಿದರು. ಕೆಲವು ದಿನ ಬಿಟ್ಟು, ಮನಸ್ಸು ತಡೆಯದೆ, ಹೊನ್ನೂರುಸ್ವಾಮಿಯವರನ್ನು ಕರೆದುಕೊಂಡು ಅಲ್ಲಿಗೆ ಹೋದರು. ಗೇಟು ಹಾಕಿತ್ತು. ಕಾವಲುಗಾರನೂ ಇರಲಿಲ್ಲ. ತಂತಿಬೇಲಿ ಸರಿಸಿ ಒಳಗೆ ಹೋದರೆ ನಾಯಿಗಳು ಅಲ್ಲೇ ಇದ್ದವು.

"ಮೂರು ಇದ್ವು ಸರ. ಎರಡು ಹೋಗಿಬಿಟ್ಟಿದ್ವು" ಎಂದು ಹೇಳುವಾಗ ವಿರುಪಮ್ಮ ನನ್ನ ಮುಖ ನೋಡುವುದಿಲ್ಲ. "ಚೈನು ಎಷ್ಟುದ್ದ ಇತ್ತೋ ಅಷ್ಟು ದೂರ ಬಂದು, ಗೇಟಿನ ಕಡಿ ಮಾರಿ ಮಾಡಿ ಮಲಗಿದ್ವು. ಯಾರಾರ ಬರ್ತಾರ ಅಂತ."

ಉಳಿದ ಒಂದನ್ನು ತಾವು ಈಗಿರುವ ಕಮಲಾಪುರಕ್ಕೆ ತಂದು ಸಾಕಿದರು. ಅದು ಮುದಿಯಾಗಿ, ತನ್ನ ಪಾಡಿಗೆ ಇವರ ಅಂಗಳದಲ್ಲಿ ಸತ್ತಿತು. ಅವತ್ತಿನಿಂದ ಯಾರ್ಡಿಗೆ ನಾಯಿ ಕಳಿಸುತ್ತೇವೆ ಎನ್ನುವ ಮಾತು ಕಿವಿಗೆ ಬಿದ್ದರೆ ವಿರುಪಮ್ಮನ ಮುಖ ಬಿಗಿಯುತ್ತದೆ. ಬಿಗಿಯದೆ ಇನ್ನೇನಾಗಬೇಕು?

ಇನ್ನು ಮೇಜರನ ಕತೆ. ಗಿರಣಿ ಯಜಮಾನರು ಬಸವಕುಮಾರ್. ಕೆಟ್ಟವರಲ್ಲ, ಭತ್ತದ ಲೋಡು ಬಿಟ್ಟರೆ ಬೇರೇನೂ ಕಾಣದ ಮನುಷ್ಯ. ನಾಯಿ ತಂದದ್ದು ಅವರ ಮಗ ಮನೋಹರ್. ಮರಿಯಿದ್ದಾಗ ಅದಕ್ಕೆ ರೊಟ್ಟಿ ಹಾಲು ಹಾಕಿ ಬೆಳೆಸಿದ್ದು ಅಜ್ಜಿ ಮರುಳಸಿದ್ದಮ್ಮ. ಮೇಜರ್ ಬೆಳೆದು, ಗಿರಣಿಯ ಹಮಾಲರಿಗೂ ಹಿಡಿಯಲಾಗದಷ್ಟು ಜಗ್ಗತೊಡಗಿದಾಗ ವಿರುಪಮ್ಮನಿಗೆ ಹೇಳಿಕಳಿಸಿದರು. ಇವರು ಕಮಲಾಪುರದಿಂದ ನಸುಕಿನ ಬಸ್ಸಿಗೆ ಬಂದು ಕಲಿಸಲು ಶುರುಮಾಡಿದರು.

ಇವರ ಚೀಲದಲ್ಲಿ ಇರುವುದು ಕಡಿಮೆ. ಅಗಲವಾದ ಒಂದು ಬಟ್ಟೆಯ ಬೆಲ್ಟು, ಉದ್ದನೆಯ ನೂಲಿನ ಹಗ್ಗ, ಒಂದು ಎದೆಪಟ್ಟಿ. ನಾಯಿಯ ಎದೆ ಮತ್ತು ಪಕ್ಕೆ ಸುತ್ತುವ ಈ ಎದೆಪಟ್ಟಿಯಲ್ಲಿ ಹಗ್ಗದ ಕೊಂಡಿ ಎಲ್ಲಿದೆ ಎನ್ನುವುದೇ ಮುಖ್ಯ. ಅದು ಬೆನ್ನ ಮೇಲಿದ್ದರೆ ನಾಯಿ ಎದೆ ಕೊಟ್ಟು ಎಷ್ಟು ಬೇಕಾದರೂ ಎಳೆಯಬಹುದು. ಮುಂದೆ, ಎದೆಯ ನಡುವಿದ್ದರೆ, ಜಗ್ಗಿದ ನಾಯಿ ತಾನೇ ತಿರುಗಿ ನಮ್ಮ ಕಡೆ ಮುಖ ಮಾಡುತ್ತದೆ. ನೋವಿಲ್ಲ, ಹೊಡೆತವಿಲ್ಲ. ವಿರುಪಮ್ಮನ ಪಟ್ಟಿಯಲ್ಲಿ ಕೊಂಡಿ ಮುಂದಿದೆ.

ಹೀಗೆ ದಿನ ಕಳೆದರೂ ಮೇಜರ್ ಸುಧಾರಿಸಲಿಲ್ಲ. ಬೆಳಿಗ್ಗೆ ಕಲಿತದ್ದು ಮರುದಿನ ಬೆಳಿಗ್ಗೆ ಇರುತ್ತಿರಲಿಲ್ಲ. ತನ್ನ ಕೈಗೇ ಏನೋ ಆಗಿದೆ ಎಂದುಕೊಂಡರಂತೆ ವಿರುಪಮ್ಮ. ಕೊನೆಗೆ ಸತ್ಯ ಹೇಳಿದ್ದು ಹಮಾಲ ಭರಮಣ್ಣ, ಅದೂ ಅನಾಹುತವಾದ ಮೇಲೆ.

ನಮ್ಮ ಬಳ್ಳಾರಿ ಸೀಮೆಯಲ್ಲಿ ಎತ್ತುಗಳಿಂದ ಬಂಡೆ ಎಳೆಸುವ ಪಂದ್ಯದ ಹುಚ್ಚು ಎಷ್ಟೆಂದು ಓದುಗರಿಗೆ ಗೊತ್ತು. ಮನೋಹರನಿಗೂ ಆ ಹುಚ್ಚಿದೆ. ಎತ್ತು ಕಟ್ಟುವುದಕ್ಕಿಂತ ನಾಯಿ ಸುಲಭವಲ್ಲವೇ? ಸಂಜೆ ವಿರುಪಮ್ಮ ಇಲ್ಲದ ಹೊತ್ತಿನಲ್ಲಿ, ಬೆನ್ನ ಮೇಲೆ ಕೊಂಡಿ ಇರುವ ದಪ್ಪ ಎದೆಪಟ್ಟಿ ಹಾಕಿ, ಮೇಜರನನ್ನು ಚೀಲ ಸಾಗಿಸುವ ಕೈಗಾಡಿಗೆ ಕಟ್ಟುತ್ತಿದ್ದ. ಗಾಡಿಯ ಮೇಲೆ ತೌಡಿನ ಚೀಲ. ಸುತ್ತ ಗೆಳೆಯರು ನಿಂತು, ಪಂದ್ಯದಲ್ಲಿ ಎತ್ತುಗಳಿಗೆ ಕೂಗುವ ಹಾಗೆ "ಹೋಯ್ ಹೋಯ್" ಎಂದು ಕೂಗಬೇಕು, ನಾಯಿ ಎಳೆಯಬೇಕು, ಮೊಬೈಲಿನಲ್ಲಿ ವಿಡಿಯೊ ಆಗಬೇಕು. ದಿನಕ್ಕೊಂದು ಚೀಲ ಹೆಚ್ಚು. ಕೆಳಗೆ ಬೆಂಕಿಯ ಗುರುತು, ಹೃದಯದ ಗುರುತು ಹಾಕಿ ಸಾವಿರಾರು ಜನ ಮೆಚ್ಚಿದ್ದಾರೆ. ಅವರೆಲ್ಲರಿಗೂ ನನ್ನ ನಮಸ್ಕಾರ. ಬೆಳಿಗ್ಗೆ ಒಬ್ಬಾಕೆ ಎಳೆಯಬೇಡ ಎಂದು ಕಲಿಸುತ್ತಾಳೆ, ಸಂಜೆ ಊರೆಲ್ಲ ಸೇರಿ ಎಳೆ ಎಂದು ಕೂಗುತ್ತದೆ. ಪಾಪ, ನಾಯಿಯೇನು ಮಾಡಬೇಕು?

ಒಂದು ಸೋಮವಾರ ಮರುಳಸಿದ್ದಮ್ಮ ಗುಡಿಗೆ ಹೊರಟಾಗ ಮೇಜರ್ ಬಾಗಿಲಲ್ಲಿ ಬಂದು ನಿಂತಿತು. ತನ್ನ ಕೈಯ ರೊಟ್ಟಿ ತಿಂದು ಬೆಳೆದ ನಾಯಿ, ಗೇಟಿನವರೆಗೆ ಬರಲಿ ಎಂದು ಅಜ್ಜಿ ಗೂಟಕ್ಕೆ ತೂಗುಹಾಕಿದ್ದ ಎದೆಪಟ್ಟಿಯನ್ನೇ ತೆಗೆದು ತೊಡಿಸಿದರು. ಅದು ಗಾಡಿ ಎಳೆಸುವ ಪಟ್ಟಿ. ಎಮ್ಮೆ ಹಗ್ಗವನ್ನು ಸುತ್ತಿಕೊಂಡು ಅಭ್ಯಾಸವಾದ ಕೈ, ಹಗ್ಗವನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡರು. ಗೇಟಿನಲ್ಲಿ ಹಮಾಲರು ಭತ್ತದ ಲಾರಿಯೊಂದಕ್ಕೆ ಹೆಗಲು ಕೊಟ್ಟು ತಳ್ಳುತ್ತಿದ್ದರು. ಎಲ್ಲರೂ ಒಟ್ಟಿಗೆ "ಹೋಯ್ ಹೋಯ್" ಎಂದರು. ಮೇಜರ್ ತನಗೆ ಕಲಿಸಿದ್ದನ್ನೇ ಮಾಡಿತು. ಎದೆ ಕೊಟ್ಟು ಎಳೆಯಿತು. ಜಲ್ಲಿಯ ಮೇಲೆ ಬಿದ್ದ ಅಜ್ಜಿಯನ್ನು ಲಾರಿಯ ಹತ್ತಿರದವರೆಗೆ ಎಳೆದುಕೊಂಡು ಹೋಯಿತು. ಬಲಗೈಯ ಮಣಿಕಟ್ಟು ಮುರಿಯಿತು.

ಭರಮಣ್ಣ ಓಡಿಹೋಗಿ ಹಗ್ಗ ಬಿಡಿಸಿದ್ದ. ಮೇಜರ್ ಎಲ್ಲಿಗೂ ಓಡಲಿಲ್ಲ, ಅಜ್ಜಿಯ ಮುಖ ನೆಕ್ಕುತ್ತಾ ನಿಂತಿತ್ತು ಎಂದು ಅವನೇ ಹೇಳುತ್ತಾನೆ.

ಮನೆಯಲ್ಲಿ ತೀರ್ಪಾಗಲು ತಡವಾಗಲಿಲ್ಲ. ತಪ್ಪು ನಾಯಿಯದು, ನಾಯಿಗೆ ಸರಿಯಾಗಿ ಕಲಿಸದ ಹೆಂಗಸಿನದು. ಕೈಗಾಡಿಯ ಹೆಸರನ್ನು ಯಾರೂ ಎತ್ತಲಿಲ್ಲ. ಮರುದಿನ ವಿರುಪಮ್ಮ ಬಂದಾಗ ಬಸವಕುಮಾರ್ ಗೇಟಿನಲ್ಲೇ ನಿಲ್ಲಿಸಿ, ಸಂಡೂರಿನ ನೆಂಟರ ಯಾರ್ಡಿಗೆ ನಾಯಿಯನ್ನು ಕಳಿಸುವುದಾಗಿ ಹೇಳಿದರು. ಅವರು ಒಳಗೆ ಹೋದ ಮೇಲೆ ಭರಮಣ್ಣ ಮೆಲ್ಲಗೆ ಬಂದು ಗಾಡಿಯ ವಿಷಯ ತಿಳಿಸಿದ. ವಿರುಪಮ್ಮ ಗಿರಣಿಯ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಸಿಟ್ಟು ಇಳಿಯುವವರೆಗೆ ಏಳಲಿಲ್ಲ.

"ನಂದೂ ತಪ್ಪೈತಿ" ಎಂದು ನನ್ನ ಹತ್ತಿರ ಹೇಳಿದರು. "ಸಂಜಿಕ ನಾಯಿನ ಏನ್ ಮಾಡ್ತೀರಿ ಅಂತ ನಾ ಕೇಳಬೇಕಿತ್ತು. ಎಲ್ಲಾ ಮನ್ಯಾಗೂ ಕೇಳ್ತಿದ್ದೆ. ದೊಡ್ಡ ಮನಿ ಅಂತ ಇಲ್ಲಿ ಕೇಳಲಿಲ್ಲ."

ಕಟ್ಟೆಯಿಂದ ಎದ್ದವರು ನೇರ ಒಳಗೆ ಹೋಗಿ, ಇನ್ನೊಂದು ಅವಕಾಶ ಕೊಡಿ ಎಂದು ಕೇಳಿದರು. ಮನೋಹರ್ ಆ ಹೊತ್ತಿಗಾಗಲೇ ತನ್ನ ಉಪಾಯ ಹುಡುಕಿದ್ದ. ಆನ್‌ಲೈನಿನಲ್ಲಿ ಒಂದು ಮುಳ್ಳಿನ ಬೆಲ್ಟು ತರಿಸುವುದಾಗಿ ಹೇಳಿದ. ಉಕ್ಕಿನ ಮುಳ್ಳುಗಳು ಒಳಮುಖವಾಗಿರುತ್ತವೆ, ನಾಯಿ ಜಗ್ಗಿದಷ್ಟೂ ಕೊರಳನ್ನು ಕಚ್ಚುತ್ತವೆ. ಬೆಲ್ಟು ಬಂದ ದಿನ ನಡೆದದ್ದನ್ನು ಅಜ್ಜಿಯೂ ಭರಮಣ್ಣನೂ ವಿರುಪಮ್ಮನೂ ಬೇರೆ ಬೇರೆಯಾಗಿ ಹೇಳಿದರು, ಮೂವರ ಮಾತೂ ಒಂದೇ ಇತ್ತು. ಇದನ್ನು ಹಾಕಿ ಪಳಗಿಸು, ಇಲ್ಲವೇ ಸಂಡೂರಿಗೆ ಕಳಿಸುತ್ತೇವೆ ಎಂದ ಮನೋಹರ್. ವಿರುಪಮ್ಮ ಬೆಲ್ಟನ್ನು ತೆಗೆದುಕೊಂಡು, ತಿರುಗಿಸಿ ನೋಡಿ, ಕೈ ಚಾಚಿದರು.

"ತೋಳು ಕೊಡ್ರಿ ಸಣ್ಣ ಸಾವ್ಕಾರ್ರ. ಮೊದ್ಲು ನಿಮ್ಮ ಕೈಗೆ, ಆಮ್ಯಾಲೆ ನಾಯಿ ಕೊಳ್ಳಿಗೆ. ಇದು ನಮ್ ಪದ್ಧತಿ."

ಮನೋಹರ್ ನಕ್ಕ. ಇದು ನಾಯಿಯ ಸಾಮಾನು, ನಾನೇನು ನಾಯಿಯಾ ಎಂದ. ಆಗ ಹಾಸಿಗೆಯಿಂದ ಎದ್ದು ಬಂದ ಮರುಳಸಿದ್ದಮ್ಮ, ಪ್ಲಾಸ್ಟರ್ ಇಲ್ಲದ ಎಡಗೈಯನ್ನು ಮುಂದಕ್ಕೆ ಚಾಚಿ, ನನಗೆ ಕಟ್ಟು ಎಂದರು. ವಿರುಪಮ್ಮ ಒಪ್ಪಲಿಲ್ಲ. ಇರುವುದೊಂದೇ ಕೈ, ಅದಕ್ಕೂ ಮುಳ್ಳು ಚುಚ್ಚಲೇ ಎಂದು ಹಿಂದೆ ಸರಿದರು. ಅಜ್ಜಿ ಮೊಮ್ಮಗನ ಕಡೆ ತಿರುಗಿದರು.

"ಹಂಗಾರ ನೀ ಕೊಡಲೇ ಮನು. ನಾ ಬಿದ್ದೀನಿ ಅಂತ ತರಿಸಿದಿಯಲ್ಲ ಇದನ್ನ? ನನ್ ಮುಂದ ಕಟ್ಟಿಸ್ಕೊ."

ಮನೆಮಂದಿ, ಹಮಾಲರು ಎಲ್ಲರೂ ನೋಡುತ್ತಿದ್ದಾರೆ. ಮನೋಹರ್ ಅಂಗಿಯ ತೋಳು ಮಡಿಸಿದ. ವಿರುಪಮ್ಮ ಕಟ್ಟಿ, ಒಮ್ಮೆ ಜಗ್ಗಿದರು. ಅವನು ಕಿರುಚಿದ್ದು ಗೇಟಿನಲ್ಲಿದ್ದವರಿಗೂ ಕೇಳಿಸಿತಂತೆ. ಬಿಚ್ಚಿದಾಗ ತೋಳಿನ ಸುತ್ತ ಕೆಂಪು ಗುರುತುಗಳು ಸಾಲಾಗಿ ಮೂಡಿದ್ದವು. "ನಾ ಜಗ್ಗಿದ್ದು ಎರಡು ಬೆರಳಿನಾಗ" ಎಂದರಂತೆ ವಿರುಪಮ್ಮ, "ಅದು ಜಗ್ಗೋದು ಮೈಭಾರದಾಗ." ಅಜ್ಜಿ ಬೆಲ್ಟನ್ನು ಭರಮಣ್ಣನ ಕೈಗೆ ಕೊಟ್ಟು, ಬಾಯ್ಲರಿನ ಒಲೆಗೆ ಹಾಕಲು ಹೇಳಿದರು. ಮೊಮ್ಮಗನಿಗೆ ಅವರು ಕೇಳಿದ್ದು ಒಂದೇ ಮಾತು.

"ನಿನ್ ಕೈಗೆ ಬ್ಯಾಡಾದ್ದು ಅದರ ಕೊಳ್ಳಿಗೆ ಹೆಂಗ ಬೇಕಾತು?"

ಬಸವಕುಮಾರ್ ಅರ್ಧ ಮಾತ್ರ ಸೋತರು. ತಾಯಿಯ ಪ್ಲಾಸ್ಟರ್ ತೆಗೆಯುವ ದಿನದವರೆಗೆ ಗಡುವು ಕೊಟ್ಟರು. ಅವತ್ತು ಹಮಾಲರು ಕೂಗುತ್ತಿರುವಾಗಲೇ, ಅದೇ ಗೇಟಿನಲ್ಲಿ, ತಾಯಿ ಕೈಯಲ್ಲಿ ನಾಯಿ ಸುಮ್ಮನೆ ನಡೆಯಬೇಕು. ವಿರುಪಮ್ಮನೂ ಒಂದು ಷರತ್ತು ಹಾಕಿದರು. ಕೈಗಾಡಿ, ದಪ್ಪ ಎದೆಪಟ್ಟಿ ಎರಡೂ ಅಂಗಳದಿಂದ ಕಣ್ಮರೆಯಾಗಬೇಕು. ಪಟ್ಟಿಯನ್ನು ಅಜ್ಜಿ ತಮ್ಮ ಟ್ರಂಕಿನಲ್ಲಿಟ್ಟು ಬೀಗ ಹಾಕಿಕೊಂಡರು. ಗಾಡಿಯನ್ನು ಹಮಾಲರು ಹೊಟ್ಟಿನ ಗುಡ್ಡೆಯ ಹಿಂದಕ್ಕೆ ನೂಕಿದರು.

ಅಂದಿನಿಂದ ನಡೆದದ್ದೇ ನಾನು ಮೊದಲಲ್ಲಿ ಹೇಳಿದ ನಿಲ್ಲುವ ಕೆಲಸ. ಮೊದಲು ಖಾಲಿ ರಸ್ತೆಯಲ್ಲಿ. ಆಮೇಲೆ ಭರಮಣ್ಣ ದೂರದಲ್ಲಿ ನಿಂತು ಮೆಲ್ಲಗೆ ಹೋಯ್ ಎನ್ನುತ್ತಾನೆ, ಮೇಜರನ ಕಿವಿ ನಿಮಿರುತ್ತದೆ, ಎದೆ ಮುಂದಕ್ಕೆ ಬಾಗುತ್ತದೆ, ವಿರುಪಮ್ಮ ನಿಲ್ಲುತ್ತಾರೆ. ದಿನದಿನಕ್ಕೂ ಕೂಗು ಹತ್ತಿರವಾಗುತ್ತದೆ, ಜೋರಾಗುತ್ತದೆ. ಬೆಳಗಿನ ಪಾಠ ಮುಗಿದ ಮೇಲೆ ಅಜ್ಜಿಗೆ ಬೇರೆ ಪಾಠ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು, ಅಂಗೈಯಲ್ಲಿ ಮಡಿಸಿ ಹಿಡಿಯಬೇಕು. ನಾಯಿಗಿಂತ ಅಜ್ಜಿಯೇ ಹೆಚ್ಚು ಸಲ ತಪ್ಪಿದರು. ಎಮ್ಮೆ ಕಟ್ಟಿದ ಕೈ, ಮರೆತರೆ ಸುತ್ತಿಕೊಳ್ಳುತ್ತದೆ. ವಿರುಪಮ್ಮ ಬೈದರು, ಅಜ್ಜಿ ತಿರುಗಿ ಬೈದರು, ಮತ್ತೆ ಇಬ್ಬರೂ ಅದೇ ಕಟ್ಟೆಯ ಮೇಲೆ ಕೂತು ಚಹಾ ಕುಡಿದರು.

ಪ್ಲಾಸ್ಟರ್ ತೆಗೆಸಿಕೊಂಡು ಬಂದ ದಿನ ನಾನು ಗಿರಣಿಯಲ್ಲಿದ್ದೇನೆ. ಸಂಡೂರಿನ ಗಾಡಿ ಬಂದು ಗೇಟಿನ ಹೊರಗೆ ನಿಂತಿದೆ, ಹಿಂದಿನ ಬಾಗಿಲು ಆಗಲೇ ತೆರೆದಿದೆ. ಲಾರಿಯ ಸುತ್ತ ಹಮಾಲರು ಸೇರಿದ್ದಾರೆ. ವಿರುಪಮ್ಮ ಎದೆಪಟ್ಟಿ ಬಿಗಿದು, ಹಗ್ಗವನ್ನು ಅಜ್ಜಿಯ ಎಡಗೈಗೆ ಕೊಟ್ಟು, ಒಂದು ಮಾರು ಹಿಂದೆ ನಿಲ್ಲುತ್ತಾರೆ. ಅಜ್ಜಿ ನಡೆಯುತ್ತಾರೆ. ಮೇಜರ್ ಪಕ್ಕದಲ್ಲಿ ನಡೆಯುತ್ತದೆ. ಗೇಟು ಹತ್ತಿರವಾಗುತ್ತಿದ್ದಂತೆ ಹಮಾಲರು ಲಾರಿಗೆ ಹೆಗಲು ಕೊಟ್ಟು ಒಟ್ಟಿಗೆ ಕೂಗುತ್ತಾರೆ.

ಮೇಜರನ ಎದೆ ಒಮ್ಮೆ ಮುಂದಕ್ಕೆ ಹೋಗುತ್ತದೆ. ಹಗ್ಗ ಬಿಗಿಯುತ್ತದೆ. ಅಜ್ಜಿ ಜಗ್ಗುವುದಿಲ್ಲ, ಕೈಗೆ ಸುತ್ತಿಕೊಳ್ಳುವುದೂ ಇಲ್ಲ, ನಿಂತುಬಿಡುತ್ತಾರೆ. ಹಮಾಲರು ಮತ್ತೆ ಕೂಗುತ್ತಾರೆ. ನಾಯಿ ಲಾರಿಯನ್ನು ನೋಡುತ್ತದೆ, ಆಮೇಲೆ ತಲೆ ತಿರುಗಿಸಿ ಅಜ್ಜಿಯ ಮುಖ ನೋಡುತ್ತದೆ, ಹಿಂದಕ್ಕೆ ಬಂದು ಅವರ ಸೀರೆಗೆ ಒರಗಿ ನಿಲ್ಲುತ್ತದೆ. ಅಜ್ಜಿ "ಬಾಜೂಕ" ಎನ್ನುವುದನ್ನು ಮರೆತು "ಬಾರಪ್ಪ" ಎನ್ನುತ್ತಾರೆ. ಇಬ್ಬರೂ ಲಾರಿಯನ್ನು ದಾಟಿ, ತೆರೆದ ಬಾಗಿಲಿನ ಆ ಗಾಡಿಯನ್ನೂ ದಾಟಿ, ಗುಡಿಯ ದಾರಿ ಹಿಡಿಯುತ್ತಾರೆ. ಬಸವಕುಮಾರ್ ಸಂಡೂರಿನ ಡ್ರೈವರನಿಗೆ ಚಹಾ ಕುಡಿದು ಹೋಗು ಎನ್ನುತ್ತಾರೆ.

ವಿರುಪಮ್ಮನನ್ನು ಹುಡುಕಿದರೆ ಗೋಡೆಯ ಕಡೆ ತಿರುಗಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಾರೆ. ಧೂಳು ಎಂದರು. ಗಿರಣಿಯಲ್ಲಿ ಧೂಳಿಗೇನೂ ಕಮ್ಮಿಯಿಲ್ಲ.

ಇಷ್ಟಕ್ಕೆ ಮುಗಿಸಿದ್ದರೆ ಚೆನ್ನಾಗಿತ್ತು. ಎರಡು ದಿನ ಬಿಟ್ಟು ಮನೋಹರ್ ಒಂದು ವಿಡಿಯೊ ಹಾಕಿದ. ಅಜ್ಜಿ, ಮೇಜರ್, ಲಾರಿ, ಹಿಂದೊಂದು ಅಬ್ಬರದ ಸಂಗೀತ. ಮೇಲೆ 'ನಮ್ಮ ಮೇಜರ್, ನಮ್ಮದೇ ಟ್ರೇನಿಂಗ್' ಎಂಬ ದಪ್ಪಕ್ಷರ. ವಿರುಪಮ್ಮ ಇದ್ದ ಜಾಗವನ್ನು ಕತ್ತರಿಸಿದ್ದಾನೆ. ಅಂಚಿನಲ್ಲಿ ಅವರ ಒಂದು ಚಪ್ಪಲಿ ಮಾತ್ರ ಉಳಿದಿದೆ, ಅದೂ ಅವನ ಕಣ್ತಪ್ಪಿನಿಂದ. ಮೆಚ್ಚಿದವರು ಮತ್ತೆ ಸಾವಿರಾರು. ನಾಚಿಕೆಯಾದರೂ ಆಗಬಾರದೇ ಎಂದು ನಾನು ಒಬ್ಬನೇ ಕೂತು ಬೈದುಕೊಂಡೆ. ಸಮಾಧಾನವಾಗದೆ ಕಮಲಾಪುರಕ್ಕೆ ಹೋದೆ.

ವಿರುಪಮ್ಮ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಹೊಸಪೇಟೆಯಲ್ಲಿ ಯಾರದೋ ಡಾಬರ್‌ಮನ್ ಯಾರನ್ನೋ ಕೆಡವಿದೆಯಂತೆ, ಅಲ್ಲಿಗೆ ಹೊರಟಿದ್ದರು. ವಿಡಿಯೊ ತೋರಿಸಿದೆ. ಅವನ ಹೆಸರು ಹಾಕಿಯೇ ಬರೆಯುತ್ತೇನೆ ಎಂದೆ. ಅವರು ಪೂರ್ತಿ ನೋಡಿ, ಇನ್ನೊಮ್ಮೆ ಹಚ್ಚಲು ಹೇಳಿದರು. ಹಮಾಲರ ಎರಡನೇ ಕೂಗು ಮುಗಿಯುತ್ತಿದ್ದಂತೆ ನನ್ನ ಕೈ ಹಿಡಿದು ಅಲ್ಲೇ ನಿಲ್ಲಿಸಿದರು. ಮೊಬೈಲಿನ ಗಾಜಿನ ಮೇಲೆ ಬೆರಳಿಟ್ಟದ್ದು ಮೇಜರನ ಮೇಲಲ್ಲ, ಅಜ್ಜಿಯ ಮೇಲೂ ಅಲ್ಲ, ಇಬ್ಬರ ನಡುವೆ ಇಳಿಬಿದ್ದಿದ್ದ ನೂಲಿನ ಹಗ್ಗದ ಮೇಲೆ.

"ನಾ ಕಾಣದಿದ್ರ ಹೋಗ್ಲಿ ಬಿಡ್ರಿ ಸರ" ಎಂದರು. "ಹಗ್ಗ ಕಾಣ್ತೈತಲ್ಲ. ಸಡ್ಲ ಐತಿ ನೋಡ್ರಿ."